ಮಾಸ್ತರರ ಬಲಗಾಲು

ನಮ್ಮ ಇಂಗ್ಲಿಷ್ ಮಾಸ್ತರರ ಬಲಗಾಲು ಒಂದು ಗಳಿಗೆ ಸುಮ್ಮನಿದ್ದದ್ದಿಲ್ಲ. ಕುರ್ಚಿಯಲ್ಲಿ ಕುಂತರೆ ಸಾಕು, ಧೋತರದಡಿಯ ಮೊಣಕಾಲು ಕುಣಿಯುತ್ತಿತ್ತು. ಮೇಜಿನ ಮೇಲಿನ ದೌತಿಯ ಶಾಯಿಯೂ ಜೊತೆಗೆ ಕುಣಿಯುತ್ತಿತ್ತು. ಬಾದಾಮಿಯ ಆ ಶಾಲೆಯಲ್ಲಿದ್ದ ನಾವು ಮೂವರೇ ಹುಡುಗಿಯರು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದೆವು.

ಅಂಥವರು ಒಂದು ದಿನ 'ಪ್ಲ್ಯಾಸಿಡ್' ಎಂಬ ಶಬ್ದ ಕಲಿಸಲು ಹೊರಟರು. ಶಾಂತ, ನಿಶ್ಚಲ ಎಂದು ಅರ್ಥ ಹೇಳಿ ವಾಕ್ಯ ಬರೆಯಿರಿ ಎಂದರು. ಗುಡ್ಡದ ಬಂಡೆಗಳು ಪ್ಲ್ಯಾಸಿಡ್ ಆಗಿವೆ ಎಂದು ನಾನು ಬರೆದೆ. ಕೆಂಪು ಗೀಟು ಬಿತ್ತು.

"ಕಲ್ಲಿಗೆ ಈ ಶಬ್ದ ಹಾಕಬ್ಯಾಡವಾ. ಅದು ಕದಡೂದ ಇಲ್ಲ, ಅದರದೇನು ದೊಡ್ಡಸ್ತಿಕಿ? ಕೆರಿ ನೀರಿಗೆ ಹಾಕು. ಕದಡಬಹುದಾಗಿದ್ರೂ ಕದಡದ ಇರ್ತದಲ್ಲ, ಅದಕ್ಕ ಒಪ್ತದ."

ಹೇಳುವಾಗಲೂ ಕಾಲು ಕುಣಿಯುತ್ತಲೇ ಇತ್ತು. ನನಗೇನೂ ತಿಳಿಯಲಿಲ್ಲ, ಹೂಂ ಅಂದೆ.

ಮ್ಯಾಟ್ರಿಕ್‌ಗೆ ಇನ್ನೊಂದು ವರ್ಷ ಇದೆ ಎನ್ನುವಾಗ ಅಪ್ಪ ನನ್ನನ್ನು ಶಾಲೆ ಬಿಡಿಸಿ, ಶಿರೂರಿನವರಿಗೆ ಮದುವೆಯ ಮಾತು ಕೊಟ್ಟ. ಮರುದಿನ ಸಂಜೆ ಮಾಸ್ತರರು ನಮ್ಮ ಪಡಸಾಲೆಗೆ ಬಂದು ಕುಂತರು. ಅಪ್ಪನ ಸಿಟ್ಟು ಓಣಿಗೆಲ್ಲ ಗೊತ್ತಿದ್ದದ್ದೇ.

"ನಿಮ್ಮ ಇಂಗ್ಲಿಷು ರೊಟ್ಟಿ ಬಡಿತೈತೇನ್ರಿ?" ಎಂದು ಶುರು ಮಾಡಿದವನು ಕೊನೆಗೆ ಆಡಬಾರದ್ದನ್ನೂ ಆಡಿದ. "ಮಕ್ಕಳಿಲ್ಲದವ್ರು ನೀವು. ಹೆಣ್ಣು ಹಡದವ್ರ ಸಂಕಟ ನಿಮಗೇನು ತಿಳಿತೈತಿ?"

ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಮಾಸ್ತರರು ಈಗ ಎದ್ದು ಹೋದರೆ ನನ್ನ ಓದು ಅಲ್ಲಿಗೆ ಮುಗಿದಂತೆ. ಅವರು ಏಳಲಿಲ್ಲ. ಅವರ ಕಾಲು ನೋಡಿದೆ. ಅದು ನಿಂತುಬಿಟ್ಟಿತ್ತು.

"ನೀವು ಅಂದದ್ದು ಖರೆ ಅದರಿ," ಎಂದರು ಮೆಲ್ಲಗೆ. "ಅದಕ್ಕ ಕೇಳ್ಲಿಕ್ಕೆ ಬಂದೇನಿ. ಒಂದು ವರ್ಷ ಈಕಿನ್ನ ನನ್ನ ಮಗಳು ಅಂತ ತಿಳಕೊಳ್ಳಿಕ್ಕೆ ಬಿಡ್ರಿ. ಮ್ಯಾಟ್ರಿಕ್ ಮುಗಿಸಿ ನಿಮಗ ಒಪ್ಪಸ್ತೇನಿ."

ಅಪ್ಪ ಮಾಸ್ತರರ ಎದುರಿಗೆ ಬಂದು ಕುಂತ. ಆಮೇಲೆ ಒಳಗೆ ಮುಖ ಮಾಡಿ, "ಮಾಸ್ತರಿಗೆ ಚಾ ತರ್ರಿ," ಎಂದ. "ಒಂದ ವರ್ಷ ನೋಡ್ರಿ. ಶಿರೂರಿಗೆ ನಾ ಹೇಳಿ ಕಳಸ್ತೇನಿ." ಚಹಾ ಕೈಗೆ ಬಂದದ್ದೇ ಕಾಲು ಮತ್ತೆ ಶುರುವಾಯಿತು, ಅರ್ಧ ಚಹಾ ತುಳುಕಿ ಬಸಿಯಲ್ಲಿತ್ತು.

ಶಿರೂರಿನವರು ಕಾದರು. ಸೊಸೆಯಾದ ಮೇಲೂ ಓದಿಸಿದರು. ಬಾಗಲಕೋಟೆಯಲ್ಲಿ ನಾನೂ ಇಂಗ್ಲಿಷ್ ಕಲಿಸಿದೆ. ಪ್ರತಿ ವರ್ಷ ಯಾವಳಾದರೂ ಒಬ್ಬಳು ಬಂಡೆಗೆ ಆ ಶಬ್ದ ಹಾಕುತ್ತಿದ್ದಳು; ಗೀಟೆಳೆದು ನಮ್ಮ ಪಡಸಾಲೆಯ ಕಥೆ ಹೇಳುತ್ತಿದ್ದೆ.

ಮಾಸ್ತರರು ತೀರಿಕೊಂಡಾಗ ಹೋಗಿದ್ದೆ. "ಎಷ್ಟು ಶಾಂತ ಮಲಗ್ಯಾರ ನೋಡ್ರಿ," ಎಂದರು ಯಾರೋ. ಅವರಿದ್ದರೆ ಅದಕ್ಕೂ ಕೆಂಪು ಗೀಟು ಹಾಕುತ್ತಿದ್ದರು. ಆ ಶಬ್ದ ಅವರಿಗೆ ಸಂದದ್ದು ನಮ್ಮ ಪಡಸಾಲೆಯಲ್ಲಿ, ಕಾಲು ನಿಂತ ಆ ಸಂಜೆ.