ಗೋಣಿತಟ್ಟು ಮುಚ್ಚಿದ ಬೆಳಕಿಂಡಿ

ಸೊಕ್ಕೆಯಿಂದ ನ್ಯಾಮತಿಗೆ ಸೊಸೆಯಾಗಿ ಬಂದ ವರ್ಷ, ಮಳೆಗಾಲದಲ್ಲಿ ಪೆಟ್ಟಿಗೆ ತೆಗೆದರೆ ನನ್ನ ಧಾರೆ ಸೀರೆಯ ಮೇಲೆ ಹಸಿರು ಚುಕ್ಕೆ. ಅತ್ತುಬಿಟ್ಟೆ. ನಮ್ಮ ಸೊಕ್ಕೆ ಕಡೆ ಹರವಿದ ಬಟ್ಟೆ ತಿರುಗಿ ನೋಡುವಷ್ಟರಲ್ಲಿ ಒಣಗುತ್ತದೆ. ಬೂಷ್ಟು ಬರುವುದು ಹಳೇ ರೊಟ್ಟಿಗೆ ಎಂದಷ್ಟೇ ನನಗೆ ಗೊತ್ತು.

ನಮ್ಮತ್ತೆ ಅಜ್ಜಮ್ಮ ನಕ್ಕರು. "ಅಳಬ್ಯಾಡ. ಬೂಷ್ಟು ಬಿಡಿಸಾಕೆ ಗಿಡ್ಡಿ ಅದಾಳೆ. ಅವಳ ಕೈಗೆ ಕೊಟ್ರೆ ನಿನ್ನ ಮದುವೇನೇ ಹೊಸದಾಗಿ ಬರ್ತೈತೆ."

ಗಿಡ್ಡಮ್ಮನ ಹೆಸರು ಕೇಳಿದ್ದು ಅಂದೇ ಮೊದಲು.

ಅವಳು ಊರಿನ ಮಡಿವಾಳಗಿತ್ತಿ. ಗಂಡ ಇರಲಿಲ್ಲ, ಉಡಚಿ ಎಂಬ ಪುಟ್ಟ ಮಗಳೊಬ್ಬಳೇ. ಮದುಮಕ್ಕಳು ನಡೆಯುವ ಹಾದಿಗೂ ಹೆಣ ಹೋಗುವ ಹಾದಿಗೂ ಬಿಳಿ ಬಟ್ಟೆಯ ನಡೆಮಡಿ ಹಾಸುವುದು ಅವಳ ಹಕ್ಕು. ಅದರ ಮೇಲೆ ಕಲೆ ಕಂಡರೆ ಆ ಮನೆಗೆ ಅಪಶಕುನ, ಅವಳಿಗೆ ಬೈಗುಳ.

ಯುದ್ಧಕ್ಕೆಂದು ಬಟ್ಟೆಗೂ ಕಂಟ್ರೋಲು ಬಂದ ಕಾಲ. ಆ ಶ್ರಾವಣದಲ್ಲಿ ಮಳೆ ಬಿಟ್ಟದ್ದೇ ಅಪರೂಪ. ಗಿಡ್ಡಮ್ಮ ತನ್ನ ಒಂದೇ ಕೋಣೆಯಲ್ಲಿ ಹಗ್ಗ ಕಟ್ಟಿ, ಕೆಳಗೆ ಅಗ್ಗಿಷ್ಟಿಕೆ ಇಟ್ಟು ಊರಿನ ಬಟ್ಟೆ ಆರಿಸುತ್ತಿದ್ದಳು. ಹೆಂಚಿನ ನಡುವಿನ ಬೆಳಕಿಂಡಿಯಿಂದ ಹನಿಯ ಜೊತೆ ಮಸಿ ಇಳಿದು ನಡೆಮಡಿ ಕೆಡುತ್ತದೆಂದು ಅದಕ್ಕೆ ಗೋಣಿತಟ್ಟು ತುರುಕಿದ್ದಳು. ಕಾವೂ ಉಳಿಯಿತಲ್ಲ ಎಂದುಕೊಂಡಳು. ಬೆಚ್ಚಗಿದೆಯೆಂದು ಉಡಚಿ ಅಲ್ಲೇ ಮಲಗುತ್ತಿತ್ತು.

ನಾನು ಬಟ್ಟೆ ತರಲು ಹೋದಾಗ ಗೋಡೆ ತುಂಬ ಕರೀ ಬೂಷ್ಟು. ತೊಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೂಸಿನ ಎದೆ ಗೊರಗೊರ ಎನ್ನುತ್ತಿತ್ತು.

"ಹೆಂಚು ಸೋರ್ತೈತಾ ಗಿಡ್ಡಮ್ಮ?"

"ಎಲ್ಲಿ ಮಳೆ ಅಮ್ಮಾರೆ, ಬೆಳಗ್ಗೇನೇ ನಿಂತೈತೆ. ಸುಣ್ಣ ಬಳಿದು ಬಳಿದು ಸಾಕಾತು, ಬೂಷ್ಟು ಮತ್ತೆ ಬರ್ತೈತೆ. ಯಾರೋ ಮಾಟ ಮಾಡಿಸ್ಯಾರೆ."

"ಮತ್ತೆ ಈ ಬಟ್ಟೆ ನೀರೆಲ್ಲಾ ಎಲ್ಲಿಗೆ ಹೋಗ್ತೈತೆ?" ಬಯಲುಸೀಮೆಯವಳಾದ ನನಗೆ ನಿಜಕ್ಕೂ ತಿಳಿಯದೆ ಕೇಳಿದ್ದೆ.

ಗಿಡ್ಡಮ್ಮ ತೊಲೆ ನೋಡಿದಳು, ಮಗಳನ್ನು ನೋಡಿದಳು. ಹಗ್ಗದ ಮೇಲೆ ಮಹೇಶ್ವರಪ್ಪನವರ ಮನೆ ಮದುವೆಯ ನಡೆಮಡಿ ಇತ್ತು. ಒರಳು ಹತ್ತಿ ನಿಂತು ಗೋಣಿತಟ್ಟು ಎಳೆದುಹಾಕಿದಳು. ಹಬೆ ಭುಸ್ಸೆಂದು ಹೊರಗೆ ಹೋಯಿತು. ಮಸಿ ಮಡಿಯ ಮೇಲೆ ಉದುರಿತು.

ಮದುವೆಮನೆಯವರು ಬೈದರು, ಅವಳು ಬೈಸಿಕೊಂಡಳು. ಕೋಣೆ ಆರಿತು, ಕೂಸಿನ ಎದೆ ಆರಲಿಲ್ಲ. ಉಡಚಿ ದಸರೆ ಕಾಣಲಿಲ್ಲ. ಆ ಪುಟ್ಟ ಹೆಣದ ಮುಂದೆ ಗಿಡ್ಡಮ್ಮ ತಾನೇ ಹಾಸಿಕೊಂಡು ಹೋದದ್ದು ಮಸಿ ಬಿದ್ದ ಅದೇ ಮಡಿ.

ಆಮೇಲೆ ಬಾಣಂತಿ ಬಟ್ಟೆಗೆ ಯಾರ ಮನೆಗೆ ಬಂದರೂ ಬೆಳಕಿಂಡಿ ಮುಚ್ಚಿದೆಯೇ ಎಂದು ಮೊದಲು ತಲೆಯೆತ್ತಿ ನೋಡುವಳು. ನನ್ನ ಬಾಣಂತನದಲ್ಲಿ ನಮ್ಮತ್ತೆ, "ಕೂಸಿಗೆ ಗಾಳಿ ಬಡಿದ್ರೆ ನೀನು ನೋಡ್ತೀಯೇನೇ?" ಎಂದು ಗದರಿದರು. "ಮುಚ್ಚಿಟ್ರೆ ಏನಾಗ್ತೈತೆ ಅಂತ ನೋಡೀನಿ ಅಮ್ಮಾರೆ," ಎಂದಳು, ಕಿಂಡಿ ತೆಗೆದಳು.

ಸ್ವಾತಂತ್ರ್ಯ ಬಂದ ಮರುವರ್ಷ, ಮಳೆಗಾಲದಲ್ಲೇ ಗಿಡ್ಡಮ್ಮ ಹಾಸಿಗೆ ಹಿಡಿದಳು. ಗಂಜಿ ತೆಗೆದುಕೊಂಡು ಹೋದರೆ ಕುಡಿಯಲಿಲ್ಲ. ನನ್ನ ಕೈ ಹಿಡಿದು ಕೇಳಿಕೊಂಡಳು:

"ನನ್ ಮೇಲೆ ಹೊದಿಸೋ ಬಟ್ಟೆ ಹಸೀ ಇದ್ರೂ ಇರ್ಲಿ ಅಮ್ಮಾರೆ. ಕೂಸಿರೋ ಮನೆಯಾಗೆ ಅದನ್ನ ಆರಿಸಬ್ಯಾಡ್ರಿ."