ಏನ ಬೇಕವ್ವ ತಾಯಿ

ನಮ್ಮ ಅಡುಗೆಮನೆಯ ಅಟ್ಟದ ಮೇಲೊಂದು ಹಸಿರು ಟ್ರಂಕಿದೆ. ಈಗ ಅದರಲ್ಲಿ ಸಂಡಿಗೆ, ಶಾವಿಗೆ ಸುಖವಾಗಿವೆ. ಎಪ್ಪತ್ತರ ದಶಕದ ಒಂದು ಸಂಜೆ ಮಾತ್ರ ಅದರ ತುಂಬ ನನ್ನ ಸೀರೆಗಳಿದ್ದವು; ಮರುದಿನ ಮುಂಜಾನೆ ಯಲಬುರ್ಗಾ ಬಸ್ಸು ಹತ್ತಿ ತವರಿಗೆ ಹೋದವಳು ಮತ್ತೆ ತಿರುಗಿ ಬರಬಾರದೆಂದು ನಿಶ್ಚಯಿಸಿಬಿಟ್ಟಿದ್ದೆ.

ನನ್ನ ಗಂಡ ಕುಡಿಯುವವರಲ್ಲ, ಬಡಿಯುವವರಲ್ಲ, ಬರೀ ಮಾತಾಡದವರು. ಗಂಗಾವತಿಯ ಅಕ್ಕಿ ಗಿರಣಿಯ ಸದ್ದಿನಲ್ಲಿ ಹಗಲೆಲ್ಲ ಕಳೆದು ಬಂದು, ಬಡಿಸಿದ್ದನ್ನು ಉಂಡು, ಕೈ ತೊಳೆದು ಎದ್ದುಬಿಡುವರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಎರಡು ವರ್ಷದ ಸಂಸಾರದಲ್ಲಿ ನನ್ನ ಮನೆ ಬಂಗಾರದಿಂದ ತುಂಬಿಹೋಗಿತ್ತು. ನನಗೆ ಒಂಚೂರು ಬೆಳ್ಳಿ ಬೇಕಿತ್ತು.

ಪಕ್ಕದ ಮನೆಯ ಮುದುಕಿ ಗೌರಮ್ಮ ಟ್ರಂಕು ಕಂಡಳು. "ನಾಳೆ ಹೋಗಾಕಿ ಅದಿ, ಇವತ್ತ ಸಿನಿಮಾ ಆದ್ರೂ ನೋಡು ಬಾ" ಎಂದು ನಮ್ಮ ಗಂಡ ಹೆಂಡತಿ ಇಬ್ಬರನ್ನೂ ಟೆಂಟಿಗೆ ಹೊರಡಿಸಿದಳು. ಆಫ್ರಿಕಾದ ಕಥೆಯ ದೆವ್ವದ ಸಿನಿಮಾ, ಮಾತೆಲ್ಲ ಇಂಗ್ಲಿಷ್. ಗಂಡಸರಿಗೂ ಹೆಂಗಸರಿಗೂ ನಡುವೆ ಗಿಡ್ಡ ಮಣ್ಣಿನ ಗೋಡೆ. ಆಚೆ ಅವರು, ಈಚೆ ನಾವು. ಕತೆಯಲ್ಲೂ ಒಂದು ಮುರುಕು ಸಂಸಾರ. ಕೋಟು ತೊಟ್ಟ ಗಂಡನಿಗೆ ಹೆಂಡತಿಯ ಕಡೆಯ ದೇವರೆಂದರೆ ಅಸಡ್ಡೆ. ಡೋಲಿನ ಸದ್ದಿಗೆ ಅವಳ ಅಜ್ಜಿ ಮುತ್ತಜ್ಜಿಯರು ಅವಳ ಮೈಮೇಲೆ ಬಂದರು. ಕೂದಲು ಬಿಚ್ಚಿತು, ಕಣ್ಣು ಮೇಲಾಯಿತು. ಗಂಡ ಹೆದರಿ ಬಾಗಿಲಿಗೆ ಚಿಲಕ ಹಾಕಿದ.

ಸಿನಿಮಾದವರು ನಾವು ಹೆದರಲೆಂದು ಮಾಡಿದ್ದರೋ ಏನೋ. ಆದರೆ ಹುಲಿಗೆಮ್ಮ ದೇವಿ ಮೈಮೇಲೆ ಬರುವುದನ್ನು ಕಂಡ ಹೆಂಗಸರಿಗೆ ಅದೆಂಥ ಹೆದರಿಕೆ? ಎಲ್ಲರೂ ಸೆರಗು ಹೊದ್ದು ಕೈ ಮುಗಿದರು. ಗೌರಮ್ಮ ಎದ್ದು ನಿಂತು, ನಮ್ಮಲ್ಲಿ ಮೈಮೇಲೆ ಬಂದವರನ್ನು ಕೇಳುವ ಹಾಗೆಯೇ, ಪರದೆಯನ್ನು ಕೇಳಿದಳು: "ಏನ ಬೇಕವ್ವ ತಾಯಿ? ಬಾಯಿ ಬಿಟ್ಟು ಹೇಳು."

ಗೋಡೆಯಾಚೆ ಗಂಡಸರು ನಕ್ಕರು. ನನಗೆ ಮಾತ್ರ ಅಳು ಬಂತು. ನಮ್ಮ ಕಡೆ ದೇವಿಗೂ ದೆವ್ವಕ್ಕೂ ಮೊದಲು ಕೇಳುವ ಪ್ರಶ್ನೆ ಇದೊಂದೇ. ಮನೆಯಲ್ಲಿ ದಿನಾ ರೊಟ್ಟಿ ಬಡಿಯುವವಳನ್ನು ಅದನ್ನೇ ಕೇಳಲು ಯಾಕೆ ಯಾರಿಗೂ ನೆನಪಾಗುವುದಿಲ್ಲವೋ.

ಸಿನಿಮಾ ಬಿಟ್ಟಿತು. ಗೌರಮ್ಮ ಬೇಕೆಂತಲೇ ಮುಂದೆ ಮುಂದೆ ನಡೆದಳು. ಕಾಲುವೆ ದಾಟುವಾಗ ನನ್ನವರು ನಿಂತರು. "ಗೌರಮ್ಮ ಕೇಳಿದ್ದು, ನಾ ಕೇಳಬೇಕಿತ್ತೇನು?" ಎಂದರು. ನನ್ನ ಕಡೆ ತಿರುಗಿ ಕೇಳಿದರು: "ಏನ ಬೇಕು ನಿನಗ?"

ಮನಸ್ಸಿನಲ್ಲಿ ಪೇರಿಸಿಟ್ಟಿದ್ದ ದೂರುಗಳೆಲ್ಲ ಎಲ್ಲಿ ಹೋದವೋ ಕಾಣೆ. "ಸಾರಿಗೆ ಉಪ್ಪು ಹೆಚ್ಚಾಗಿದ್ರ ಹೆಚ್ಚಾಗೈತಿ ಅನ್ರಿ. ಸುಮ್ನ ಉಂಡು ಏಳಬ್ಯಾಡ್ರಿ" ಎಂದೆ.

ಅನ್ನುತ್ತಾರೋ ಇಲ್ಲವೋ ನೋಡಿಯೇ ಹೋಗೋಣವೆಂದು ಮುಂಜಾನೆಯ ಬಸ್ಸು ಬಿಟ್ಟೆ. ಅವತ್ತು ಮಧ್ಯಾಹ್ನವೇ ಗಿರಣಿಯಿಂದ ಬಂದು ಊಟಕ್ಕೆ ಕೂತವರು ಒಂದು ತುತ್ತು ಉಂಡು, ಕೆಮ್ಮಿ, "ಉಪ್ಪು ಒಂಚೂರು ಹೆಚ್ಚಾಗೈತಿ" ಎಂದರು. ಒಳಗೆ ಹೋಗಿ ರುಚಿ ನೋಡಿದೆ. ಉಪ್ಪು ಸರಿಯಾಗಿಯೇ ಇತ್ತು. ಸಂಜೆ ಟ್ರಂಕಿನಿಂದ ಸೀರೆ ತೆಗೆದಿಟ್ಟೆ.

ನಿನ್ನೆ ಅದೇ ಟ್ರಂಕಿನ ಸಂಡಿಗೆ ಕರಿದು ಹಾಕಿದೆ. ನನ್ನವರು ಕಚ್ಚಿ ನೋಡಿ, "ಉಪ್ಪು ಕಡಿಮಿ ಆಗೈತಿ" ಎಂದರು. ನಾನು ಇನ್ನೆರಡು ಬಡಿಸಿದೆ.