ಅರಕ್ಸಿಯವರ ಚಿತ್ರಕ್ಕೆ ಇಟ್ಟ ಕುಂಕುಮ

ಇವತ್ತು ಬೆಳಿಗ್ಗೆ ಕುಂಕುಮದ ಭರಣಿ ಕೈಜಾರಿ ಅಡುಗೆಮನೆಯ ಬಿಳಿ ಕಟ್ಟೆಯ ಮೇಲೆ ಬಿತ್ತು. ಕಟ್ಟೆ ಒದ್ದೆ ಬೇರೆ, ಕೇಳಬೇಕೆ? ಸೋಡಾ ಹಾಕಿ ತಿಕ್ಕಿದೆ, ನಿಂಬೆಹೋಳು ಹಾಕಿ ತಿಕ್ಕಿದೆ. ಕೆಂಪು ಹೋಗಿ ಗುಲಾಬಿಯಾಯಿತೇ ಹೊರತು ಬಿಳಿಯಾಗಲಿಲ್ಲ. ಕುಂಕುಮದ ಕಲೆಯ ವಿಷಯದಲ್ಲಿ ನನಗೆ ಹಳೆಯ ಅನುಭವವಿದೆ. ಅದು ಸಮರ್‌ಸೆಟ್‌ನ ಈ ಮನೆಯದಲ್ಲ, ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನ್ಯೂಯಾರ್ಕಿನ ಹತ್ತಿರದ ಯೂನಿಯನ್ ಸಿಟಿಯಲ್ಲಿದ್ದ ಬಾಡಿಗೆ ಮನೆಯದು. ಕೂತುಕೊಳ್ಳಿ, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹೇಳಿಬಿಡುತ್ತೇನೆ.

ಮಹಡಿಯಲ್ಲಿ ನಾವು, ಕೆಳಗೆ ಮನೆಯ ಒಡತಿ ಅರಕ್ಸಿ. ಆರ್ಮೇನಿಯನ್ನರು, ಅರವತ್ತು ದಾಟಿದ ಒಂಟಿ ಜೀವ. ಕಸೂತಿ ಕಾರ್ಖಾನೆಯಲ್ಲಿ ಲೇಸಿನ ತಪ್ಪು ಹೊಲಿಗೆಯನ್ನು ಸರಿಮಾಡುವ ಕೆಲಸ ಅವರದು. ನಾನು ಅವರನ್ನು ಮಿಸೆಸ್ ಅರಕ್ಸಿ ಎಂದು ಕರೆಯುತ್ತಿದ್ದೆ. ಅವರಿಗೆ ಮದುವೆಯೇ ಆಗಿರಲಿಲ್ಲ ಎಂದು ನನಗೆ ಗೊತ್ತಾಗುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಅವರು ಒಮ್ಮೆಯೂ ತಿದ್ದಲಿಲ್ಲ. ದಿನವಿಡೀ ತಿದ್ದಿ ತಿದ್ದಿ ಸಾಕಾಗಿರಬೇಕು.

ಮಗಳು ಹುಟ್ಟಿದ್ದು ಜನವರಿಯ ಹಿಮದಲ್ಲಿ. ಬಾಣಂತನಕ್ಕೆ ಅಮ್ಮ ಬರುವ ಮಾತೇ ಇರಲಿಲ್ಲ. ಮೈಸೂರಿನಿಂದ ಒಂದು ಕಾಗದ ಬರುವುದಕ್ಕೇ ಹದಿನೈದು ದಿನ ಹಿಡಿಯುತ್ತಿದ್ದ ಕಾಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮರುಗಳಿಗೆಯೇ ಐಸ್ ಹಾಕಿದ ನೀರು ಕೊಟ್ಟಿದ್ದರು. ಇನ್ನು ನನ್ನ ಕತೆ ಮುಗಿಯಿತು ಎಂದುಕೊಂಡೇ ಮನೆಗೆ ಬಂದೆ. ಅವತ್ತು ಸಂಜೆ ಅರಕ್ಸಿಯವರು ಗೋಧಿ ಕಾಳು, ಒಣ ಏಪ್ರಿಕಾಟ್ ಹಾಕಿ ಬೇಯಿಸಿದ ಬಿಸಿ ಪಾಯಸ ಹಿಡಿದು ಮೆಟ್ಟಿಲು ಹತ್ತಿ ಬಂದರು. ನಲವತ್ತು ದಿನ ಹೊಸ್ತಿಲು ದಾಟಬೇಡ ಎಂದರು. ನಮ್ಮಜ್ಜಿಯ ಕಟ್ಟಳೆ ಇವರಿಗೆ ಹೇಗೆ ಗೊತ್ತು ಎಂದು ನಾನು ಅತ್ತೇಬಿಟ್ಟೆ. ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ನೀರೆರೆಯುವುದು ಹೇಗೆಂದು ನಾನು ಹಾಸಿಗೆಯಿಂದ ಹೇಳಿದೆ, ಎರೆದವರು ಅವರು.

ಅವರ ಹಜಾರದಲ್ಲಿ ಒಂದು ಚಿತ್ರವಿತ್ತು. ಅವರೂರಿನ ಚರ್ಚು ಏಳೆಂಟು ನೂರು ವರ್ಷ ಹಳೆಯದು, ಒಳಗಿನ ಗೋಡೆಗಳ ತುಂಬ ಚಿತ್ರಗಳಿದ್ದವಂತೆ. ಶಾಲಾ ಮೇಷ್ಟ್ರಾಗಿದ್ದ ಅವರ ತಂದೆ ಒಂದು ಬೇಸಿಗೆ ರಜೆಯಲ್ಲಿ ಏಣಿ ಹತ್ತಿ ಕೂತು ಅದರಲ್ಲೊಂದನ್ನು ಕಾಗದದ ಮೇಲೆ ಜಲವರ್ಣದಲ್ಲಿ ನಕಲು ಮಾಡಿದ್ದರು. ಮರುವರ್ಷ ಸೈನಿಕರು ಬಂದು, ಆರ್ಮೇನಿಯನ್ನರೆಂದು ಊರಿಗೆ ಊರನ್ನೇ ಓಡಿಸಿದರು. ಮೇಷ್ಟ್ರು ಚಿತ್ರವನ್ನು ಮಡಿಸಿ, ಪುಟ್ಟ ಅರಕ್ಸಿಯ ಬೆನ್ನಿಗೆ ಅಂಗಿಯೊಳಗೆ ಕಟ್ಟಿ ಕರೆತಂದರು. ಆಮೇಲೆ ಚರ್ಚಿನ ಚಾವಣಿಯೂ ಹೋಯಿತು, ಗೋಡೆಯೂ ಹೋಯಿತು. ಉಳಿದದ್ದು ಈ ಕಾಗದವೊಂದೇ.

ಕಡುನೀಲಿ ಹಿನ್ನೆಲೆ. ಗುಹೆಯಲ್ಲಿ ಒರಗಿ ಮಲಗಿದ ತಾಯಿ, ಪಕ್ಕದಲ್ಲಿ ಬಟ್ಟೆ ಸುತ್ತಿದ ಕೂಸು, ಇಣುಕುತ್ತಿರುವ ಹಸು. ಕೆಳಗಿನ ಮೂಲೆಯಲ್ಲಿ ಇಬ್ಬರು ಹೆಂಗಸರು ಬೋಗುಣಿಯಲ್ಲಿ ಅದೇ ಕೂಸಿಗೆ ನೀರೆರೆಯುತ್ತಿದ್ದಾರೆ. ಯೇಸುವಿನ ಜನನ ಎಂದು ನನಗೂ ಗೊತ್ತಿತ್ತು, ಆದರೆ ನೋಡಿದಾಗಲೆಲ್ಲ ಕಾಣುತ್ತಿದ್ದುದು ಬಾಣಂತಿ ಕೋಣೆ. ಬಲಗಡೆ ಕೂತವಳ ಮೂಗಂತೂ ಅರಕ್ಸಿಯವರದೇ.

ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಪ್ರೊಫೆಸರ್ ಒಬ್ಬರು ಚಿತ್ರದ ಫೋಟೋ ತೆಗೆಯಲು ಭಾನುವಾರ ಬರುತ್ತೇನೆಂದರು. ಗಾಜು ಹೊಳೆಯುತ್ತದೆ, ಬಿಚ್ಚಿಡಿ ಎಂದಿದ್ದರು. ಕೆಳಗಿನ ಮನೆಗೆ ಪೇಂಟ್ ಮಾಡಿಸುತ್ತಿದ್ದುದರಿಂದ ಅರಕ್ಸಿಯವರು ಗಾಜು ತೆಗೆದ ಚಿತ್ರವನ್ನು ಮೇಲೆ ತಂದು, ಎರಡು ದಿನ ನಿನ್ನ ಹತ್ತಿರ ಜೋಪಾನವಾಗಿರಲಿ ಎಂದು ಕೊಟ್ಟರು. ನಮ್ಮ ಮನೆಯಲ್ಲಿ ಜೋಪಾನದ ಜಾಗ ಎಂದರೆ ಡ್ರೆಸ್ಸರ್ ಮೇಲಿನ ದೇವರ ಪಟಗಳ ಸಾಲು. ಅಲ್ಲೇ ಇಟ್ಟೆ.

ಮರುದಿನ ಶುಕ್ರವಾರ. ರಾತ್ರಿ ಮಗು ನಿದ್ದೆ ಕೊಟ್ಟಿರಲಿಲ್ಲ. ತಲೆಗೆ ಸ್ನಾನ ಮಾಡಿ, ಅರೆಗಣ್ಣಿನಲ್ಲಿ ಬೆರಳು ಒದ್ದೆ ಮಾಡಿಕೊಂಡು ಸಾಲಾಗಿ ಕುಂಕುಮ ಇಡುತ್ತ ಬಂದೆ. ಗಣಪತಿಗೆ, ಲಕ್ಷ್ಮಿಗೆ, ಚಾಮುಂಡಿಗೆ, ಆ ತಾಯಿಗೆ, ಹಸುವಿಗೆ. ಹೌದು, ಹಸುವಿಗೂ. ಬೆರಳಿಗೆ ಗಾಜಿನ ತಂಪು ತಗುಲುತ್ತಿಲ್ಲವಲ್ಲ ಎಂದು ಹೊಳೆದದ್ದು ಹಸುವಿನ ಹಣೆಯ ಮೇಲೆ. ಒದ್ದೆ ಹತ್ತಿಯಲ್ಲಿ ಒರೆಸಿದೆ. ತಾಯಿಯ ಕುಂಕುಮ ಹುಬ್ಬಿನ ತನಕ ಇಳಿಯಿತು.

ನನ್ನವರು ಎದ್ದು ಬಂದು ನೋಡಿ, ಗಾಜು ಹಾಕಿ ಕೊಟ್ಟುಬಿಡೋಣ, ಅವರಿಗೆ ವಯಸ್ಸಾಗಿದೆ, ಕಾಣಲ್ಲ ಎಂದರು.

"ಲೇಸಿನಲ್ಲಿ ಒಂದು ಎಳೆ ತಪ್ಪಿದ್ರೂ ಕಂಡುಹಿಡಿಯೋರು ರೀ ಅವರು," ಎಂದೆ.

ಮಗು ಮಾಡಿತು ಎಂದು ಹೇಳಿದರೆ ಹೇಗೆ ಎಂದು ನಾನೂ ಅರ್ಧಗಂಟೆ ಯೋಚಿಸಿದೆ, ನಾಚಿಕೆಯಿಲ್ಲದೆ. ಮೂರು ತಿಂಗಳ ಮಗು, ಮಗ್ಗುಲೂ ಹೊರಳುತ್ತಿರಲಿಲ್ಲ. ಕೊನೆಗೆ ಚಿತ್ರ ಹಿಡಿದು ಮೆಟ್ಟಿಲಿಳಿದೆ.

ಅರಕ್ಸಿಯವರು ಕನ್ನಡಕ ಹಾಕಿಕೊಂಡು ಚಿತ್ರವನ್ನು ಕಿಟಕಿಯ ಹತ್ತಿರ ಒಯ್ದರು. ಹುಬ್ಬಿನ ಮೇಲಿನ ಕೆಂಪನ್ನು ತೋರಿಸಿ, ಇದನ್ನು ಯಾಕೆ ಇಡುತ್ತೀರಿ ಎಂದು ಕೇಳಿದರು. ನಾವು ಕೈಮುಗಿಯುವವರಿಗೆ ಇಡುತ್ತೇವೆ ಎಂದೆ. ಅವರು ಬೆರಳಿಟ್ಟು ತಾಯಿಯ ಪಾದ ತೋರಿಸಿದರು. ಅಲ್ಲಿ ಬಣ್ಣವಿರಲಿಲ್ಲ, ಬರೀ ಬಿಳಿ ಕಾಗದ.

"ಊರಿನ ಹೆಂಗಸರು ಮುತ್ತಿಟ್ಟು ಮುತ್ತಿಟ್ಟು ಗೋಡೆಯಲ್ಲಿ ಇಷ್ಟು ಜಾಗ ಸವೆದುಹೋಗಿತ್ತು. ಅಪ್ಪ ನಕಲಿನಲ್ಲೂ ಅದನ್ನು ಹಾಗೇ ಬಿಟ್ಟರು," ಎಂದರು. ಆಮೇಲೆ, "ಈ ದೇಶಕ್ಕೆ ಬಂದ ಮೇಲೆ ಎಲ್ಲರೂ ಇದನ್ನು ನೋಡಿದ್ದಾರೆ. ಯಾರೂ ಮುಟ್ಟಿರಲಿಲ್ಲ."

ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಸಂಜೆ ಮಾತ್ರ ಎಂದಿನಂತೆ ಪಾಯಸದ ಬಟ್ಟಲು ಮೇಲೆ ಬಂತು. ಭಾನುವಾರ ಪ್ರೊಫೆಸರ್, ಕೆಂಪನ್ನು ತೆಗೆಯುವ ನುರಿತವರು ನ್ಯೂಯಾರ್ಕಿನಲ್ಲಿದ್ದಾರೆ ಎಂದು ಅವರಿಗೆ ಹೇಳುತ್ತಿದ್ದುದು ಮೆಟ್ಟಿಲ ಮೇಲೆ ಅಡಗಿ ನಿಂತ ನನಗೆ ಕೇಳಿಸಿತು. ಅರಕ್ಸಿಯವರ ಉತ್ತರ ಕೇಳಿಸಲಿಲ್ಲ, ಮಗು ಅತ್ತಿತು.

ಆಮೇಲೆ ನಾವು ಮನೆ ಬದಲಿಸಿದೆವು. ಅರಕ್ಸಿಯವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಬದುಕಿದ್ದಾಗ ನಾನು ಅವರಿಗೆ ಒಂದು ಥ್ಯಾಂಕ್ಸ್ ಸಹ ಸರಿಯಾಗಿ ಹೇಳಲಿಲ್ಲ. ನಮ್ಮ ಕಡೆ ಮನೆಯವರಿಗೆ ಯಾರು ಥ್ಯಾಂಕ್ಸ್ ಹೇಳುತ್ತಾರೆ? ಚಿತ್ರ ಈಗ ನ್ಯೂಯಾರ್ಕಿನ ಒಂದು ಗ್ರಂಥಾಲಯದಲ್ಲಿದೆ. ಅವತ್ತಿನ ಆ ಕೂಸು, ನನ್ನ ಮಗಳು, ಹುಡುಕಿಸಿ ಹೋದ ವಾರ ನನ್ನನ್ನು ಕರೆದುಕೊಂಡು ಹೋದಳು. ಅಲ್ಲಿಯ ಹುಡುಗಿ ಚಿತ್ರವನ್ನು ಮೇಜಿನ ಮೇಲಿಟ್ಟಳು. ತಾಯಿಯ ಹುಬ್ಬಿನ ಮೇಲೆ ನನ್ನ ಕುಂಕುಮ, ಹಸುವಿನ ಹಣೆಯ ಮೇಲೆ ನನ್ನ ಕುಂಕುಮ. ಹಿಂದೆಯೂ ಏನೋ ಬರೆದಿದೆ ಎಂದು ಆಕೆ ಮೆಲ್ಲಗೆ ಮಗುಚಿದಳು. ಅರಕ್ಸಿಯವರ ಪುಟ್ಟ ಅಕ್ಷರ, ಇಂಗ್ಲಿಷಿನಲ್ಲಿ ಎರಡೇ ಸಾಲು: ಕೆಂಪನ್ನು ತೆಗೆಯಬೇಡಿ. ಅದು ನನ್ನ ಮಗಳು ಇಟ್ಟದ್ದು.

"ಅಮ್ಮಾ, ಶಿ ಹ್ಯಾಡ್ ಎ ಡಾಟರ್?" ಎಂದಳು ನನ್ನ ಮಗಳು.

"ಇದ್ದಳು," ಎಂದೆ.

ಡಿಕಾಕ್ಷನ್ ಇಳಿದಿದೆ, ಹಾಲೂ ಕಾದಿದೆ. ಈ ಕಟ್ಟೆಯನ್ನು ಇನ್ನು ತಿಕ್ಕುವುದಿಲ್ಲ, ಬಿಡಿ.